ಸೇಂತ್-ಮೇರ್-ಎಗ್ಲೀಸ್‌ನ ಏರ್‌ಬಾರ್ನ್ ಮ್ಯೂಸಿಯಂ: ಒಂದು ರಾತ್ರಿ, ಹಲವು ದಶಕಗಳ ನಂಟು

ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಸೇಂತ್-ಮೇರ್-ಎಗ್ಲೀಸ್ ಪಟ್ಟಣದಲ್ಲಿರುವ ಏರ್‌ಬಾರ್ನ್ ಮ್ಯೂಸಿಯಂ 1964ರ ಜೂನ್ 6ರಂದು ಬಾಗಿಲು ತೆರೆಯಿತು. ಸರಿಯಾಗಿ ಇಪ್ಪತ್ತು ವರ್ಷ ಹಿಂದೆ, ಅದೇ ದಿನ ಬೆಳಕು ಹರಿಯುವ ಮುನ್ನ, ಅಮೆರಿಕದ ಪ್ಯಾರಾಟ್ರೂಪರ್‌ಗಳು ಆಕಾಶದಿಂದ ಇಳಿದು ಈ ಊರನ್ನು ನಾಲ್ಕು ವರ್ಷಗಳ ಜರ್ಮನ್ ಹಿಡಿತದಿಂದ ಬಿಡಿಸಿದ್ದರು. ಬಿಡಿಸಿದವರು ಪರದೇಶದವರು. ಊರಿನ ಭಾಷೆ ಅವರಿಗೆ ಬಾರದು, ಅವರ ಭಾಷೆ ಊರಿಗೆ ತಿಳಿಯದು. ಮುಂದಿನ ಎರಡು ದಶಕಗಳಲ್ಲಿ ಇವರಿಬ್ಬರ ನಡುವೆ ಬೆಳೆದ ನಂಟು ಒಂದು ಸಂಸ್ಥೆಯನ್ನೇ ಹುಟ್ಟಿಸಿತು. ಆ ನಂಟಿಗೆ ಕಾಳಗದ ರಾತ್ರಿ ಎಷ್ಟು ಕಾರಣವೋ, ಯುದ್ಧ ಮುಂದೆ ಸಾಗಿದ ಮೇಲೆ ಊರಿನ ಹೊಲಗಳಲ್ಲಿ ಉಳಿದ ಸಾವಿರಾರು ಸಮಾಧಿಗಳೂ ಅಷ್ಟೇ ಕಾರಣ. ಅವುಗಳನ್ನು ಬದಿಗಿಟ್ಟು ಈ ಮ್ಯೂಸಿಯಂನ ಚರಿತ್ರೆ ಹೇಳಲು ಬರುವುದಿಲ್ಲ.

ಇಂಗ್ಲಿಷ್ ಕಾಲುವೆಯೊಳಗೆ ಚಾಚಿಕೊಂಡಿರುವ ಕೊತಾಂತೆ ಪರ್ಯಾಯ ದ್ವೀಪದ ಪೂರ್ವ ಭಾಗದಲ್ಲಿ ಈ ಪಟ್ಟಣವಿದೆ. ಹಳೆಯ ಕಲ್ಲಿನ ಚರ್ಚು, ಅದರ ಸುತ್ತ ಸಂತೆ ನಡೆಯುವ ಚೌಕ, ಅಕ್ಕಪಕ್ಕ ಹಾಲು ಬೆಣ್ಣೆಗೆ ಹೆಸರಾದ ಹಸುಗಾವಲು. ಯುದ್ಧದ ಲೆಕ್ಕದಲ್ಲಿ ಇದರ ಬೆಲೆಯೆಲ್ಲ ಒಂದು ರಸ್ತೆಯಲ್ಲಿತ್ತು. ಪರ್ಯಾಯ ದ್ವೀಪದ ತುದಿಯಲ್ಲಿರುವ ಶೆರ್ಬೂರ್ ಬಂದರಿನಿಂದ ಕಾರಾಂತಾ, ಬೇಯೂ, ಕಾನ್ ನಗರಗಳಿಗೆ ಹೋಗುವ ಹೆದ್ದಾರಿ ಆಗ ಊರಿನ ನಡುವೆಯೇ ಹಾಯುತ್ತಿತ್ತು. ಪೂರ್ವಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ, ಮಿತ್ರರಾಷ್ಟ್ರಗಳು ಯೂಟಾ ಎಂದು ಗುಪ್ತನಾಮವಿಟ್ಟಿದ್ದ ಕಡಲತೀರ. ಅಲ್ಲಿ ಇಳಿಯುವ ಪಡೆಗಳ ಮೇಲೆ ಜರ್ಮನ್ನರು ಬೀಳದಂತೆ ತಡೆಯಬೇಕಾದರೆ ಈ ರಸ್ತೆಯನ್ನು ಮೊದಲು ಹಿಡಿಯಬೇಕಿತ್ತು. ಶೆರ್ಬೂರ್ ಬಂದರನ್ನು ಗೆಲ್ಲುವ ಮುಂದಿನ ಗುರಿಗೂ ದಾರಿ ಇದೇ.

1940ರ ಜೂನ್‌ನಲ್ಲಿ ಬಂದ ಜರ್ಮನ್ ಸೈನ್ಯ ನಾಲ್ಕು ವರ್ಷ ಅಲ್ಲೇ ನೆಲೆಸಿತು. 1944ರ ಹೊತ್ತಿಗೆ ಫೀಲ್ಡ್ ಮಾರ್ಷಲ್ ರೊಮ್ಮೆಲ್‌ನ ಆದೇಶದಂತೆ ಕರಾವಳಿಯುದ್ದಕ್ಕೂ ಕಾವಲು ಬಿಗಿಯಾಗಿತ್ತು. ಎಂಜಿನ್ ಇಲ್ಲದ ಗ್ಲೈಡರ್‌ಗಳು ಇಳಿಯಬಹುದಾದ ಬಯಲುಗಳಲ್ಲಿ ಮರದ ಕಂಬಗಳನ್ನು ಹುಗಿದು ನಿಲ್ಲಿಸಿದ್ದರು. ಮೆರ್ದೆರೆ ಮತ್ತು ದೂವ್ ನದಿಗಳ ನೀರನ್ನು ಹೊರಬಿಟ್ಟು ತಗ್ಗು ಹುಲ್ಲುಗಾವಲುಗಳನ್ನು ಜೌಗು ಮಾಡಿದ್ದರು. ನೀರಿನ ಮೇಲೆ ಹುಲ್ಲು ಬೆಳೆದಿದ್ದರಿಂದ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಅದು ಗಟ್ಟಿ ನೆಲದಂತೆ ಕಾಣುತ್ತಿತ್ತು. ಬೆನ್ನಿಗೂ ಎದೆಗೂ ಭಾರ ಕಟ್ಟಿಕೊಂಡು ಹಾರಿದ ಎಷ್ಟೋ ಯೋಧರು ಕತ್ತಲೆಯಲ್ಲಿ ಆ ನೀರಿಗೆ ಬಿದ್ದು, ಒಂದು ಗುಂಡನ್ನೂ ಹಾರಿಸದೆ ಮುಳುಗಿ ಸತ್ತರು.

ಜೂನ್ 5ರ ರಾತ್ರಿ ಚರ್ಚಿನ ಎದುರಿಗಿದ್ದ ಮದಾಮ್ ಪೊಮ್ಮಿಯೆ ಅವರ ಮನೆಗೆ ಬೆಂಕಿ ಬಿತ್ತು. ಕರ್ಫ್ಯೂ ಜಾರಿಯಲ್ಲಿದ್ದರೂ ಬೆಂಕಿ ಆರಿಸಲು ಹೊರಬರಲು ಜರ್ಮನ್ನರು ಜನರಿಗೆ ಅನುಮತಿ ಕೊಟ್ಟರು. ಚರ್ಚಿನ ಗಂಟೆ ಮೊಳಗಿತು. ಮೇಯರ್ ಅಲೆಕ್ಸಾಂದ್ರ್ ರೆನೋ ಮುಂದೆ ನಿಂತರು. ಅವರು ಊರಿನ ಔಷಧಿ ಅಂಗಡಿಯ ಮಾಲೀಕರೂ ಹೌದು. ಚೌಕದಲ್ಲಿದ್ದ ಕೈಪಂಪಿನಿಂದ ಉರಿಯುವ ಮನೆಯವರೆಗೆ ಸಾಲಾಗಿ ನಿಂತ ಜನ ಬಕೆಟ್ ಕೈಯಿಂದ ಕೈಗೆ ದಾಟಿಸುತ್ತಿದ್ದರು, ಸುತ್ತ ಜರ್ಮನ್ ಸಿಪಾಯಿಗಳು ಬಂದೂಕು ಹಿಡಿದು ಕಾವಲಿದ್ದರು. ವಿಮಾನಗಳ ಸದ್ದು ಕೇಳಿಸಿದ್ದು ಆಗ. ಆ ಕೈಪಂಪು ಇಂದಿಗೂ ಚೌಕದಲ್ಲಿ ನಿಂತಿದೆ. ಸುಟ್ಟುಹೋದ ಮನೆಯ ಜಾಗದಲ್ಲಿ ಈಗ ಮ್ಯೂಸಿಯಂ ಇದೆ.

ಆ ರಾತ್ರಿ 800ಕ್ಕೂ ಹೆಚ್ಚು ಸಿ-47 ವಿಮಾನಗಳು ಅಮೆರಿಕದ 82ನೇ ಮತ್ತು 101ನೇ ಏರ್‌ಬಾರ್ನ್ ಡಿವಿಷನ್‌ಗಳ 13,000ಕ್ಕೂ ಹೆಚ್ಚು ಯೋಧರನ್ನು ಇಂಗ್ಲೆಂಡಿನಿಂದ ಕೊತಾಂತೆಗೆ ಹೊತ್ತು ತಂದವು. ಮೋಡ ಮುಸುಕಿತ್ತು, ನೆಲದಿಂದ ವಿಮಾನ ನಿರೋಧಕ ಗುಂಡುಗಳು ಏಳುತ್ತಿದ್ದವು. ಪೈಲಟ್‌ಗಳು ಸಾಲು ತಪ್ಪಿದರು, ಯೋಧರು ಹಲವು ಕಿಲೋಮೀಟರುಗಳ ಹರವಿನಲ್ಲಿ ಚದುರಿಹೋದರು. ಸಿಸಿಲಿ ಮತ್ತು ಸಾಲೆರ್ನೊದಲ್ಲಿ ಯುದ್ಧದ ನಡುವೆಯೇ ಹಾರಿ ಅನುಭವವಿದ್ದ, 82ನೇ ಡಿವಿಷನ್ನಿನ 505ನೇ ಪ್ಯಾರಾಶೂಟ್ ರೆಜಿಮೆಂಟ್ ಮಾತ್ರ ಬಹುಪಾಲು ಗುರಿಯ ಹತ್ತಿರ ಇಳಿಯಿತು. ಆದರೆ ಅದರ ಎರಡನೇ ಬೆಟಾಲಿಯನ್ನಿನ ಕೆಲವರ ಪಾಲಿಗೆ ಗುರಿಯ ಸಾಮೀಪ್ಯವೇ ಮೃತ್ಯುವಾಯಿತು. ಅವರು ನೇರವಾಗಿ ಚೌಕದ ಮೇಲೆ, ಉರಿಯುವ ಮನೆಯ ಬೆಳಕಿನಲ್ಲಿ, ಜರ್ಮನ್ ಬಂದೂಕುಗಳ ಎದುರಿಗೆ ಇಳಿದರು. ಕೆಲವರು ನೆಲ ಮುಟ್ಟುವ ಮೊದಲೇ ಸತ್ತರು. ಮರಗಳ ಕೊಂಬೆಗೆ ಸಿಕ್ಕಿಕೊಂಡವರಿಗೆ ಹಗ್ಗ ಕತ್ತರಿಸಿಕೊಳ್ಳುವಷ್ಟೂ ಸಮಯ ಸಿಗಲಿಲ್ಲ.

ಸಿಪಾಯಿ ಜಾನ್ ಸ್ಟೀಲ್‌ನ ಪ್ಯಾರಾಶೂಟ್ ಚರ್ಚಿನ ಗೋಪುರಕ್ಕೆ ಸಿಕ್ಕಿಕೊಂಡಿತು. ಪಾದಕ್ಕೆ ಗಾಯವಾಗಿತ್ತು. ಕೆಳಗೆ ಕಾದಾಟ ನಡೆಯುತ್ತಿದ್ದಾಗ ಆತ ಸತ್ತವನಂತೆ ನೇತಾಡುತ್ತ ಸುಮಾರು ಎರಡು ಗಂಟೆ ಕಾಲ ಕಳೆದ. ಕೊನೆಗೆ ಜರ್ಮನ್ನರು ಕೆಳಗಿಳಿಸಿ ಸೆರೆಹಿಡಿದರು. ಕೆಲವೇ ಗಂಟೆಗಳಲ್ಲಿ ತಪ್ಪಿಸಿಕೊಂಡು ತನ್ನವರನ್ನು ಸೇರಿದ. ಅದೇ ಚರ್ಚಿನ ಮಾಡಿನ ಮೇಲೆ ಬಿದ್ದು ಬದುಕಿ ಉಳಿದ ಇನ್ನೊಬ್ಬ ಯೋಧ ಕೆನ್ ರಸೆಲ್. ಸ್ಟೀಲ್‌ನ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು, ರಸೆಲ್‌ನ ಹೆಸರು ಅಷ್ಟು ದೂರ ಹೋಗಲಿಲ್ಲ.

ಊರನ್ನು ನಿಜವಾಗಿ ವಶಪಡಿಸಿಕೊಂಡದ್ದು ಲೆಫ್ಟಿನೆಂಟ್ ಕರ್ನಲ್ ಎಡ್ವರ್ಡ್ ಕ್ರಾಸ್ ನೇತೃತ್ವದ, ಅದೇ 505ನೇ ರೆಜಿಮೆಂಟಿನ ಮೂರನೇ ಬೆಟಾಲಿಯನ್. ಊರ ಹೊರಗೆ ಇಳಿದ ಕ್ರಾಸ್ ಸುಮಾರು 180 ಜನರನ್ನು ಕೂಡಿಸಿಕೊಂಡು, ದಾರಿ ಬಲ್ಲ ಒಬ್ಬ ಸ್ಥಳೀಯನನ್ನು ಮುಂದಿಟ್ಟುಕೊಂಡು ನಡೆದರು. ಯಾರೂ ಬಂದೂಕು ಹಾರಿಸಬಾರದು, ಚಾಕು, ಬಯೋನೆಟ್, ಕೈಬಾಂಬ್ ಇಷ್ಟನ್ನೇ ಬಳಸಬೇಕು ಎಂಬುದು ಅವರ ಆಜ್ಞೆ. ಕತ್ತಲೆಯಲ್ಲಿ ಬಂದೂಕಿನ ಕಿಡಿ ಕಂಡಲ್ಲಿ ಶತ್ರು ಇದ್ದಾನೆಂದು ತಿಳಿಯಬೇಕು ಎಂಬ ಸರಳ ಉಪಾಯ ಅದು. ಬೆಳಗಿನ ನಾಲ್ಕೂವರೆಯ ಹೊತ್ತಿಗೆ ಊರು ಕೈಸೇರಿತು. ಶೆರ್ಬೂರ್‌ಗೆ ಹೋಗುತ್ತಿದ್ದ ಸಂಪರ್ಕ ತಂತಿಯನ್ನು ಕಡಿದು ಹಾಕಿದರು. ಹಿಂದಿನ ವರ್ಷ ಇಟಲಿಯ ನೇಪಲ್ಸ್‌ನಲ್ಲಿ ಹಾರಿಸಿದ್ದ ಅಮೆರಿಕದ ಅದೇ ಧ್ವಜವನ್ನು ಪುರಭವನದ ಮುಂದೆ ಏರಿಸಿದರು.

ಫ್ರಾನ್ಸಿನಲ್ಲಿ ಮೊದಲು ಬಿಡುಗಡೆಯಾದ ಊರು ಎಂಬ ಗೌರವವನ್ನು ಸೇಂತ್-ಮೇರ್-ಎಗ್ಲೀಸ್‌ಗೆ ಕೊಡುವುದು ರೂಢಿ. ಬ್ರಿಟಿಷ್ ಪ್ಯಾರಾಟ್ರೂಪರ್‌ಗಳು ಅದೇ ನಸುಕಿನಲ್ಲಿ ಹಿಡಿದ ರಾನ್‌ವೀಲ್ ಹಳ್ಳಿಯೂ ಇದೇ ಗೌರವಕ್ಕೆ ಹಕ್ಕು ಹೂಡುತ್ತದೆ. ಅಮೆರಿಕನ್ ಪಡೆಗಳು ಬಿಡಿಸಿದ ಮೊದಲ ಪಟ್ಟಣ ಎಂದರೆ ಯಾವ ವಾದವೂ ಏಳುವುದಿಲ್ಲ, ಊರಿನ ಹಿರಿಮೆಗೂ ಅಷ್ಟು ಸಾಕು.

ಹಿಡಿದದ್ದಕ್ಕಿಂತ ಉಳಿಸಿಕೊಂಡದ್ದು ಕಷ್ಟದ ಕೆಲಸವಾಗಿತ್ತು. ಬೆಳಗಾಗುತ್ತಲೇ ಜರ್ಮನ್ನರು ದಕ್ಷಿಣದಿಂದಲೂ ಉತ್ತರದಿಂದಲೂ ತಿರುಗಿಬಿದ್ದರು. ಎರಡನೇ ಬೆಟಾಲಿಯನ್ನಿನ ದಳಪತಿ ಬೆಂಜಮಿನ್ ವಾಂಡರ್‌ವೂರ್ಟ್ ಹಾರುವಾಗಲೇ ಕಾಲಿನ ಗಿಣ್ಣು ಮುರಿದುಕೊಂಡಿದ್ದರು. ಬೂಟಿನ ದಾರವನ್ನು ಬಿಗಿಯಾಗಿ ಕಟ್ಟಿಕೊಂಡು, ಮದ್ದುಗುಂಡು ಸಾಗಿಸುವ ಗಾಡಿಯಲ್ಲಿ ಕೂತೇ ಅವರು ಕಾಳಗ ನಡೆಸಿದರು. ಉತ್ತರದ ನೂವೀಲ್-ಓ-ಪ್ಲೆ ಹಳ್ಳಿಯ ಬಳಿ ಅವರು ನಿಲ್ಲಿಸಿದ್ದ ಲೆಫ್ಟಿನೆಂಟ್ ಟರ್ನರ್ ಟರ್ನ್‌ಬುಲ್‌ನ ತುಕಡಿ, ತನಗಿಂತ ಹಲವು ಪಟ್ಟು ದೊಡ್ಡ ಪಡೆಯನ್ನು ಹಗಲಿಡೀ ತಡೆದು ನಿಲ್ಲಿಸಿತು. ನಲವತ್ತಕ್ಕೂ ಹೆಚ್ಚು ಮಂದಿ ಇದ್ದ ಆ ತುಕಡಿಯಲ್ಲಿ ಸಂಜೆ ಊರಿಗೆ ಮರಳಿದವರು 16 ಜನ. ಟರ್ನ್‌ಬುಲ್ ಮರುದಿನ ಶೆಲ್ ಸಿಡಿದು ತೀರಿಕೊಂಡ. ಪಶ್ಚಿಮಕ್ಕೆ, ಮೆರ್ದೆರೆಯ ಮೇಲಿನ ಲಾ ಫಿಯೆರ್ ಸೇತುವೆಗಾಗಿ ಜೂನ್ 9ರವರೆಗೂ ನಡೆದ ಹೋರಾಟ 82ನೇ ಡಿವಿಷನ್ನಿನ ಚರಿತ್ರೆಯಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು. ಯೂಟಾ ತೀರದಲ್ಲಿ ಇಳಿದ ನಾಲ್ಕನೇ ಪದಾತಿ ಡಿವಿಷನ್ನಿನ ಪಡೆಗಳು ಟ್ಯಾಂಕುಗಳೊಡನೆ ಜೂನ್ 7ರಂದು ಊರನ್ನು ತಲುಪಿದ ಮೇಲೆ ಸೇಂತ್-ಮೇರ್-ಎಗ್ಲೀಸ್ ಮತ್ತೆ ಜರ್ಮನ್ನರ ಕೈಗೆ ಹೋಗುವ ಭಯ ತಪ್ಪಿತು.

ಈ ಬಿಡುಗಡೆಗೆ ಬೆಲೆ ತೆತ್ತವರು ಸೈನಿಕರಷ್ಟೇ ಅಲ್ಲ. ಜರ್ಮನ್ ಫಿರಂಗಿಗಳು ಮುಂದಿನ ದಿನಗಳಲ್ಲಿ ಊರಿನ ಮೇಲೆ ಶೆಲ್ ಸುರಿಸಿದಾಗ ಮನೆಯಲ್ಲಿದ್ದವರೂ ಚರಂಡಿಯಲ್ಲಿ ಅಡಗಿದ್ದವರೂ ಸತ್ತರು. ಒಟ್ಟು ನಾರ್ಮಂಡಿಯಲ್ಲಿ 1944ರ ಬೇಸಿಗೆಯಲ್ಲಿ ಸುಮಾರು 20,000 ನಾಗರಿಕರು ಪ್ರಾಣ ಕಳೆದುಕೊಂಡರು; ಅವರಲ್ಲಿ ಬಹಳಷ್ಟು ಮಂದಿ ಮಿತ್ರರಾಷ್ಟ್ರಗಳ ಬಾಂಬುಗಳಿಗೇ ಬಲಿಯಾದವರು. ಸೇಂತ್-ಲೋ ಪಟ್ಟಣ ನೆಲಸಮವಾಯಿತು, ಕಾನ್ ನಗರದ ಬಹುಭಾಗ ಅವಶೇಷವಾಯಿತು. ಅವುಗಳಿಗೆ ಹೋಲಿಸಿದರೆ ಸೇಂತ್-ಮೇರ್-ಎಗ್ಲೀಸ್‌ನ ಗೋಡೆಗಳು ಬಹುಮಟ್ಟಿಗೆ ನಿಂತಿದ್ದವು. ಈ ಊರಿನಲ್ಲಿ ಕೃತಜ್ಞತೆ ಅಷ್ಟು ನಿಸ್ಸಂಕೋಚವಾಗಿ ಬೆಳೆದದ್ದಕ್ಕೆ ಇದೂ ಒಂದು ಕಾರಣವೆಂದು ಹೇಳಬೇಕು. ಮಗುವನ್ನು ಮಿತ್ರರ ಬಾಂಬಿನಲ್ಲೇ ಕಳೆದುಕೊಂಡ ಸೇಂತ್-ಲೋದ ಮನೆಯಲ್ಲಿ ಬಿಡುಗಡೆಯ ನೆನಪು ಬೇರೆಯೇ ಆಗಿರುತ್ತದೆ.

ಕಾದಾಟ ಮುಗಿಯುವ ಮೊದಲೇ ಹೂಳುವ ಕೆಲಸ ಶುರುವಾಗಿತ್ತು. ಸೇಂತ್-ಮೇರ್-ಎಗ್ಲೀಸ್‌ನಲ್ಲಿ ಎರಡು, ಪಕ್ಕದ ಬ್ಲೋವೀಲ್‌ನಲ್ಲಿ ಒಂದು, ಹೀಗೆ ಮೂರು ತಾತ್ಕಾಲಿಕ ಸೈನಿಕ ಸ್ಮಶಾನಗಳು ಎದ್ದವು. ಮೂರರಲ್ಲೂ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಹೂಳಲಾಯಿತು. ಬದುಕಿರುವವರ ಸಂಖ್ಯೆಯನ್ನು ಸತ್ತವರ ಸಂಖ್ಯೆ ಹಲವು ಪಟ್ಟು ಮೀರಿದ ಊರು ಅದಾಯಿತು. ಬಿಳಿಯ ಶಿಲುಬೆಗಳ ಸಾಲು, ಒಂದೊಂದರ ಮೇಲೂ ಹೆಸರು, ಸೈನಿಕ ಸಂಖ್ಯೆ. ಊರಿನ ಹೆಂಗಸರು ಮಕ್ಕಳು ಹೂ ತಂದಿಡತೊಡಗಿದರು.

ಮೇಯರ್ ಅವರ ಪತ್ನಿ ಸಿಮೋನ್ ರೆನೋ ಈ ಹಂತದಲ್ಲಿ ಮುನ್ನೆಲೆಗೆ ಬರುತ್ತಾರೆ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಮಗ, ಬ್ರಿಗೇಡಿಯರ್ ಜನರಲ್ ಥಿಯೊಡೋರ್ ರೂಸ್‌ವೆಲ್ಟ್ ಜೂನಿಯರ್, ಐವತ್ತಾರರ ವಯಸ್ಸಿನಲ್ಲಿ ಊರುಗೋಲು ಹಿಡಿದು ಯೂಟಾ ತೀರದಲ್ಲಿ ಮೊದಲ ಅಲೆಯೊಂದಿಗೇ ಇಳಿದವರು. ಜುಲೈ 12ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರನ್ನು ಸೇಂತ್-ಮೇರ್-ಎಗ್ಲೀಸ್‌ನಲ್ಲೇ ಹೂಳಿದರು. ಆ ಸಮಾಧಿಯ ಮೇಲೆ ಸಿಮೋನ್ ಹೂ ಇಡುತ್ತಿರುವ ಚಿತ್ರ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ನೋಡಿದ ತಾಯಂದಿರು, ಹೆಂಡಂದಿರು ಸಾಗರದಾಚೆಯಿಂದ ಕಾಗದ ಬರೆಯತೊಡಗಿದರು. ನನ್ನ ಮಗನೂ ನಿಮ್ಮ ಊರಿನಲ್ಲೇ ಇದ್ದಾನೆ, ಅವನ ಸಮಾಧಿಯನ್ನೂ ನೋಡಿ ಬರುವಿರಾ ಎಂಬುದು ಆ ಕಾಗದಗಳ ಸಾರ. ಸಿಮೋನ್ ಹೋಗಿ ನೋಡಿದರು, ಹೂ ಇಟ್ಟರು, ಚಿತ್ರ ತೆಗೆಸಿದರು, ಉತ್ತರ ಬರೆದರು. ಹೀಗೆ ನೂರಾರು ಕುಟುಂಬಗಳೊಡನೆ ದಶಕಗಳ ಕಾಲ ಪತ್ರವ್ಯವಹಾರ ನಡೆಯಿತು. ಮನೆಯಲ್ಲಿ ಮೂವರು ಗಂಡುಮಕ್ಕಳನ್ನು ಬೆಳೆಸುತ್ತ, ಯುದ್ಧಾನಂತರದ ಕೊರತೆಯ ದಿನಗಳಲ್ಲಿ ಆ ಹೆಣ್ಣುಮಗಳು ಮಾಡಿದ ಈ ಕೆಲಸಕ್ಕೆ ಯಾವ ಸರ್ಕಾರದ ಆದೇಶವೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಏರ್‌ಬಾರ್ನ್ ಮ್ಯೂಸಿಯಂಗೆ ನಿಜವಾದ ಅಡಿಗಲ್ಲು ಹಾಕಿದ್ದು ಈ ಕಾಗದಗಳೇ. 1988ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಮೆರಿಕದ ಯೋಧರು ಅವರನ್ನು ನಾರ್ಮಂಡಿಯ ತಾಯಿ ಎಂದೇ ಕರೆಯುತ್ತಿದ್ದರು.

1948ರ ಹೊತ್ತಿಗೆ ಸ್ಮಶಾನಗಳು ತೆರವಾದವು. ಶವವನ್ನು ತಾಯ್ನಾಡಿಗೆ ತರಿಸಿಕೊಳ್ಳಬೇಕೋ, ಫ್ರಾನ್ಸಿನಲ್ಲೇ ಬಿಡಬೇಕೋ ಎಂಬ ತೀರ್ಮಾನವನ್ನು ಅಮೆರಿಕ ಸರ್ಕಾರ ಆಯಾ ಕುಟುಂಬಕ್ಕೇ ಬಿಟ್ಟಿತ್ತು. ಉಳಿದವರನ್ನು, ಅಮೆರಿಕನ್ನರು ಇಳಿದಿದ್ದ ಇನ್ನೊಂದು ಕಡಲತೀರವಾದ ಒಮಾಹಾದ ಮೇಲಿನ ಕೊಲ್‌ವೀಲ್-ಸ್ಯುರ್-ಮೇರ್‌ನ ಶಾಶ್ವತ ಸ್ಮಶಾನಕ್ಕೆ ಸ್ಥಳಾಂತರಿಸಲಾಯಿತು. ಅಲ್ಲೀಗ ಸುಮಾರು 9,400 ಸಮಾಧಿಗಳಿವೆ, ರೂಸ್‌ವೆಲ್ಟರದೂ ಅವುಗಳಲ್ಲೊಂದು. ಸೇಂತ್-ಮೇರ್-ಎಗ್ಲೀಸ್‌ನ ಹೊಲಗಳು ಮತ್ತೆ ಹೊಲಗಳಾದವು. ಹಳೆಯ ಸ್ಮಶಾನಗಳಿದ್ದ ಜಾಗದಲ್ಲಿ ಉಳಿದದ್ದು ಸ್ಮಾರಕ ಶಿಲೆಗಳು. ನಾಲ್ಕು ವರ್ಷ ದಿನವೂ ಕಣ್ಣಿಗೆ ಬೀಳುತ್ತಿದ್ದ ಶಿಲುಬೆಗಳು ಇಲ್ಲವಾದ ಮೇಲೆ ನೆನಪಿಗೆ ಬೇರೊಂದು ನೆಲೆ ಬೇಕಾಯಿತು.

ಅಂಥ ನೆಲೆಗಳು ಒಂದೊಂದಾಗಿ ರೂಪುಗೊಂಡವು. ಅಮೆರಿಕನ್ ಪಡೆಗಳು ಸಾಗಿದ ದಾರಿಯುದ್ದಕ್ಕೂ ಕಿಲೋಮೀಟರಿಗೊಂದು ಕಲ್ಲು ನೆಟ್ಟ ಸ್ವಾತಂತ್ರ್ಯ ಪಥ 1947ರಲ್ಲಿ ಉದ್ಘಾಟನೆಯಾಯಿತು. ಬೆಲ್ಜಿಯಂನ ಬಾಸ್ತೋನ್‌ವರೆಗೆ ಹೋಗುವ ಆ ಹಾದಿಯ ಸೊನ್ನೆ ಕಿಲೋಮೀಟರಿನ ಕಲ್ಲು ಸೇಂತ್-ಮೇರ್-ಎಗ್ಲೀಸ್‌ನ ಪುರಭವನದ ಎದುರಿಗಿದೆ. ಚರ್ಚಿನಲ್ಲಿ ಒಡೆದುಹೋಗಿದ್ದ ಬಣ್ಣದ ಗಾಜಿನ ಕಿಟಕಿಯ ಜಾಗಕ್ಕೆ ಹೊಸದೊಂದು ಬಂತು. ಅದರಲ್ಲಿ ಕಂದನನ್ನೆತ್ತಿಕೊಂಡ ಮೇರಿಮಾತೆಯ ಸುತ್ತ ಸಂತರಿಲ್ಲ, ಪ್ಯಾರಾಶೂಟ್ ಹೊತ್ತು ಇಳಿಯುವ ಸೈನಿಕರಿದ್ದಾರೆ. ಚಿತ್ರ ಬರೆದದ್ದು ಮೇಯರ್ ಅವರ ಮಗ ಪೋಲ್ ರೆನೋ, ಗಾಜಿನಲ್ಲಿ ಮೂಡಿಸಿದ್ದು ಶಾರ್ತ್ರ್ ನಗರದ ಹೆಸರಾಂತ ಕುಶಲಕರ್ಮಿ ಗಾಬ್ರಿಯೆಲ್ ಲ್ವಾರ್. ಮುಂದೆ 25ನೇ ವರ್ಷದ ನೆನಪಿಗೆ 505ನೇ ರೆಜಿಮೆಂಟಿನ ಹಳೆಯ ಯೋಧರು, ಪ್ಯಾರಾಟ್ರೂಪರ್‌ಗಳ ಪಾಲಕನೆಂದು ನಂಬುವ ಸಂತ ಮೈಕೇಲನ ಇನ್ನೊಂದು ಕಿಟಕಿಯನ್ನು ಚರ್ಚಿಗೆ ಕೊಟ್ಟರು.

ಹೊರಜಗತ್ತಿಗೆ ಊರಿನ ಪರಿಚಯ ಮಾಡಿಸಿದ್ದು ಕಾರ್ನೇಲಿಯಸ್ ರಯಾನ್ ಅವರ ‘ದಿ ಲಾಂಗೆಸ್ಟ್ ಡೇ’. 1959ರಲ್ಲಿ ಪುಸ್ತಕ ಬಂತು, 1962ರಲ್ಲಿ ಚಲನಚಿತ್ರ. ಗೋಪುರಕ್ಕೆ ಸಿಕ್ಕಿಕೊಂಡ ಜಾನ್ ಸ್ಟೀಲ್ ಆಗಿ ರೆಡ್ ಬಟನ್ಸ್, ವಾಂಡರ್‌ವೂರ್ಟ್ ಆಗಿ ಜಾನ್ ವೇಯ್ನ್ ನಟಿಸಿದರು. ಚಿತ್ರ ನೋಡಿದವರು ಚರ್ಚನ್ನು ಹುಡುಕಿಕೊಂಡು ಬರತೊಡಗಿದರು. ಬಂದವರಿಗೆ ತೋರಿಸಲು ಚರ್ಚು ಮತ್ತು ಕೈಪಂಪಿನ ಆಚೆಗೆ ಏನಾದರೂ ಇರಬೇಕೆಂಬ ಯೋಚನೆ ಅಷ್ಟರಲ್ಲಾಗಲೇ ಕೆಲಸವಾಗಿ ಬದಲಾಗಿತ್ತು.

ಮ್ಯೂಸಿಯಂನ ಶಂಕುಸ್ಥಾಪನೆ 1961ರಲ್ಲಿ ನಡೆಯಿತು. ಕಲ್ಲು ಇಟ್ಟವರು ಜನರಲ್ ಜೇಮ್ಸ್ ಗ್ಯಾವಿನ್. 1944ರಲ್ಲಿ 82ನೇ ಡಿವಿಷನ್ನಿನ ಸಹಾಯಕ ದಳಪತಿಯಾಗಿ ಮೆರ್ದೆರೆಯ ಜೌಗಿನ ಅಂಚಿಗೆ ಹಾರಿ ಇಳಿದು, ಲಾ ಫಿಯೆರ್ ಸೇತುವೆಗೆ ಪಡೆಗಳನ್ನು ಕೂಡಿಸಿದವರು ಅವರೇ. ಅದೇ ವರ್ಷ 37ರ ಹರೆಯದಲ್ಲಿ ಇಡೀ ಡಿವಿಷನ್ನಿನ ಮುಖ್ಯಸ್ಥರಾದರು. ಕೆನಡಿ ಅಧ್ಯಕ್ಷರಾದಾಗ ಗ್ಯಾವಿನ್ ಅವರನ್ನು ಫ್ರಾನ್ಸಿಗೆ ರಾಯಭಾರಿಯಾಗಿ ಕಳಿಸಿದ್ದರು. ಹೀಗೆ ಒಬ್ಬನೇ ವ್ಯಕ್ತಿ ಆ ನೆಲಕ್ಕೆ ಮೊದಲು ಯೋಧನಾಗಿ, ಆಮೇಲೆ ರಾಯಭಾರಿಯಾಗಿ ಬಂದದ್ದು ಮ್ಯೂಸಿಯಂನ ಭಾಗ್ಯ.

1964ರ ಉದ್ಘಾಟನೆಯ ಹೊತ್ತಿಗೆ ಎರಡು ದೇಶಗಳ ಸಂಬಂಧ ಸಿಹಿಯಾಗಿರಲಿಲ್ಲ. ನಾರ್ಮಂಡಿಯ ದಾಳಿಯ ಯೋಜನೆಯಲ್ಲಿ ತಮ್ಮನ್ನು ದೂರವಿಟ್ಟ ನೋವನ್ನು ಅಧ್ಯಕ್ಷ ಷಾರ್ಲ್ ದ ಗಾಲ್ ಮರೆತಿರಲಿಲ್ಲ. ಇಪ್ಪತ್ತನೇ ವಾರ್ಷಿಕೋತ್ಸವಕ್ಕೆ ಅವರು ನಾರ್ಮಂಡಿಗೆ ಬರಲಿಲ್ಲ, ಮಾಜಿ ಸೈನಿಕರ ಖಾತೆಯ ಸಚಿವ ಜಾನ್ ಸೇಂತೆನಿಯನ್ನು ಕಳಿಸಿದರು. ಎರಡೇ ವರ್ಷಗಳಲ್ಲಿ ಫ್ರಾನ್ಸ್ ನ್ಯಾಟೋದ ಸೇನಾ ವ್ಯವಸ್ಥೆಯಿಂದ ಹೊರನಡೆಯಿತು, ಅಮೆರಿಕನ್ ನೆಲೆಗಳು ಫ್ರೆಂಚ್ ನೆಲದಿಂದ ತೆರವಾದವು. ರಾಜಧಾನಿಗಳ ನಡುವೆ ಇಷ್ಟೆಲ್ಲ ನಡೆಯುತ್ತಿದ್ದಾಗಲೂ ಸೇಂತ್-ಮೇರ್-ಎಗ್ಲೀಸ್‌ಗೆ ಹಳೆಯ ಯೋಧರು ಬರುವುದು ನಿಲ್ಲಲಿಲ್ಲ. ಬಂದವರು ಹೋಟೆಲಿನಲ್ಲಿ ಇಳಿಯದೆ ಪರಿಚಯದವರ ಮನೆಗಳಲ್ಲಿ ಉಳಿದುಕೊಳ್ಳುವ ಪರಿಪಾಠವೂ ಬೆಳೆಯಿತು. ಮೇಯರ್ ರೆನೋ 1966ರಲ್ಲಿ ತೀರಿಕೊಂಡರು. ಮ್ಯೂಸಿಯಂ ಬಾಗಿಲು ತೆರೆದದ್ದನ್ನು ಕಾಣುವಷ್ಟು ಕಾಲ ಅವರು ಬದುಕಿದ್ದರು.

ಮೊದಲ ಕಟ್ಟಡದ ಮಾಡಿಗೆ ಅರಳಿದ ಪ್ಯಾರಾಶೂಟಿನ ಆಕಾರ ಕೊಟ್ಟರು. ಅದರ ಕೆಳಗೆ ನಡುಮಧ್ಯದಲ್ಲಿರುವುದು ವಾಕೊ ಸಿಜಿ-4ಎ ಗ್ಲೈಡರ್. ಫ್ರಾನ್ಸಿನಲ್ಲಿ ಈ ಬಗೆಯ ಮೂಲ ಗ್ಲೈಡರ್ ಇರುವುದು ಇದೊಂದೇ. ಹತ್ತಿರ ಹೋಗಿ ನೋಡಿದವರಿಗೆ ಮೊದಲು ತಟ್ಟುವುದು ಅದರ ತೆಳುತನ. ಉಕ್ಕಿನ ಕೊಳವೆಗಳ ಹಂದರ, ಪ್ಲೈವುಡ್ ನೆಲ, ಸುತ್ತ ಬಿಗಿದ ಬಟ್ಟೆ, ಅಷ್ಟೇ. ರೆಕ್ಕೆಯ ಉದ್ದ 25 ಮೀಟರಿಗೂ ಹೆಚ್ಚು, ಎಂಜಿನ್ ಇಲ್ಲ. ಇಬ್ಬರು ಪೈಲಟ್‌ಗಳು ಮತ್ತು 13 ಸೈನಿಕರು, ಅಥವಾ ಒಂದು ಜೀಪು ಅದರಲ್ಲಿ ಹಿಡಿಸುತ್ತಿತ್ತು. ಜೀಪನ್ನು ಹತ್ತಿಸಲು ಪೈಲಟ್ ಕೋಣೆಯನ್ನು ಇಡಿಯಾಗಿ ಮುಚ್ಚಳದಂತೆ ಮೇಲಕ್ಕೆತ್ತುತ್ತಿದ್ದರು. ಇಂಥ 13,000ಕ್ಕೂ ಹೆಚ್ಚು ಗ್ಲೈಡರ್‌ಗಳು ಅಮೆರಿಕದಲ್ಲಿ ತಯಾರಾದವು. ಬಿಡಿಭಾಗಗಳನ್ನು ಮಾಡಿದವರಲ್ಲಿ ಪಿಯಾನೋ ಕಾರ್ಖಾನೆಗಳೂ ಇದ್ದವು. ವಿಮಾನವೊಂದು ನೈಲಾನ್ ಹಗ್ಗದಿಂದ ಎಳೆದು ತಂದು ಗುರಿಯ ಮೇಲೆ ಬಿಟ್ಟ ಬಳಿಕ ಮೇಲಕ್ಕೇರುವ ಮಾತೇ ಇಲ್ಲ, ಸಿಕ್ಕ ಬಯಲಿಗೆ ಇಳಿಯಲೇಬೇಕು. ನಾರ್ಮಂಡಿಯ ಹೊಲಗಳೋ ಸಣ್ಣವು, ಸುತ್ತ ಎತ್ತರದ ಮಣ್ಣಿನ ಬದು, ಬದುವಿನ ಮೇಲೆ ದಟ್ಟ ಮರಗಳ ಬೇಲಿ. 101ನೇ ಡಿವಿಷನ್ನಿನ ಸಹಾಯಕ ದಳಪತಿ ಬ್ರಿಗೇಡಿಯರ್ ಜನರಲ್ ಡಾನ್ ಪ್ರ್ಯಾಟ್ ಇಯೆವೀಲ್ ಬಳಿ ಇಂಥದೊಂದು ಬೇಲಿಗೆ ಗ್ಲೈಡರ್ ಬಡಿದು ಸತ್ತರು. ಇದೇ ಜಾತಿಯ ಗ್ಲೈಡರ್‌ಗಳು ಮೂರು ತಿಂಗಳ ಮೊದಲು, 1944ರ ಮಾರ್ಚ್ 5ರಂದು, ಅಸ್ಸಾಮಿನ ಲಾಲಾಘಾಟ್‌ನಿಂದ ಹೊರಟು ಬರ್ಮಾದ ಕಾಡಿನಲ್ಲಿ ಬ್ರಿಟಿಷರ ಚಿಂಡಿಟ್ ಪಡೆಗಳನ್ನು ಇಳಿಸಿದ್ದವು ಎಂಬುದನ್ನು ಭಾರತದ ಓದುಗರು ನೆನೆಯಬಹುದು.

ಗ್ಲೈಡರಿನ ಸುತ್ತಲಿನ ಗಾಜಿನ ಪೆಟ್ಟಿಗೆಗಳು ತುಂಬುತ್ತ ಹೋದದ್ದು ಎರಡು ಕಡೆಗಳಿಂದ. ಊರಿನವರ ಅಟ್ಟ, ಕೊಟ್ಟಿಗೆಗಳಿಂದ ಹೆಲ್ಮೆಟ್ಟು, ನೀರಿನ ಡಬ್ಬಿ, ಪ್ಯಾರಾಶೂಟಿನ ತುಂಡು ಬಂದವು. ಬಟ್ಟೆಗೆ ಬರವಿದ್ದ ಆ ವರ್ಷಗಳಲ್ಲಿ ನಾರ್ಮಂಡಿಯ ಹೆಂಗಸರು ಪ್ಯಾರಾಶೂಟ್ ಬಟ್ಟೆಯಿಂದ ರವಿಕೆ, ಲಂಗ ಹೊಲಿಸಿಕೊಂಡದ್ದುಂಟು. ಸಾಗರದಾಚೆಯಿಂದ ಯೋಧರು ತಮ್ಮ ಸಮವಸ್ತ್ರ, ಹಾರುವ ಬೂಟು, ಪದಕ, ನಕ್ಷೆಗಳನ್ನು ತಂದುಕೊಟ್ಟರು. ಅವರು ತೀರಿದ ಮೇಲೆ ಮಕ್ಕಳು ತಂದರು. ಈ ವಸ್ತುಗಳಲ್ಲಿ ಬಹಳ ಜನರನ್ನು ತಡೆದು ನಿಲ್ಲಿಸುವುದು ಹೆಬ್ಬೆರಳಿನಷ್ಟು ಚಿಕ್ಕ ಹಿತ್ತಾಳೆಯ ಕ್ರಿಕೆಟ್. ಒತ್ತಿದರೆ ಜೀರುಂಡೆಯಂತೆ ಸದ್ದು ಮಾಡುವ ಮಕ್ಕಳ ಆಟಿಕೆ ಅದು. ಕತ್ತಲೆಯಲ್ಲಿ ಎದುರಾದವನು ತನ್ನವನೋ ಶತ್ರುವೋ ಎಂದು ತಿಳಿಯಲು 101ನೇ ಡಿವಿಷನ್ನಿನವರಿಗೆ ಅದನ್ನು ಹಂಚಿದ್ದರು. ಒಂದು ಸಲ ಒತ್ತಿದರೆ ಉತ್ತರವಾಗಿ ಎರಡು ಸಲ ಕೇಳಿಸಬೇಕು. ಉತ್ತರ ಬಾರದಿದ್ದರೆ ಗುಂಡು.

ಸಂಗ್ರಹ ಬೆಳೆದಂತೆ ಅದನ್ನು ನೋಡಿಕೊಳ್ಳುವವರೂ ಬೇಕಾದರು. ಅಮೆರಿಕದ ಮೇಯ್ನ್ ರಾಜ್ಯದ ಮಾಜಿ ಯೋಧ ಫಿಲ್ ಜುತ್ರಾ ನಿವೃತ್ತಿಯ ನಂತರ ಸೇಂತ್-ಮೇರ್-ಎಗ್ಲೀಸ್‌ಗೆ ಬಂದು ನೆಲೆಸಿ, ಮ್ಯೂಸಿಯಂನ ಮೇಲ್ವಿಚಾರಕರಾಗಿ ದುಡಿದರು. ಫ್ರೆಂಚ್ ಬಲ್ಲ ಅಮೆರಿಕನ್ ಆದದ್ದರಿಂದ ಎರಡೂ ಕಡೆಯವರು ಅವರೊಡನೆ ಮನಬಿಚ್ಚಿ ಮಾತಾಡುತ್ತಿದ್ದರು. ಪ್ಯಾರಾಟ್ರೂಪರ್‌ಗಳ ಬಾಯಿಂದ ಆ ರಾತ್ರಿಯ ಅನುಭವಗಳನ್ನು ಕೇಳಿ ಬರೆದಿಟ್ಟದ್ದು ಅವರ ದೊಡ್ಡ ಸೇವೆ. ಬೂಟು ಹೆಲ್ಮೆಟ್ಟುಗಳನ್ನು ಯಾವ ಹರಾಜಿನಲ್ಲಾದರೂ ಕೊಳ್ಳಬಹುದು, ಸಾಕ್ಷಿಯ ಮಾತು ಹಾಗೆ ಸಿಗುವುದಿಲ್ಲ.

ಎರಡನೇ ಕಟ್ಟಡ 1983ರಲ್ಲಿ ಸೇರಿತು. ‘ಅರ್ಗೋನಿಯಾ’ ಎಂಬ ಹೆಸರು ಹೊತ್ತ ಸಿ-47 ವಿಮಾನ ಅದರ ಮುಖ್ಯ ಆಕರ್ಷಣೆ. ರೆಕ್ಕೆ ಮತ್ತು ಹಿಂಬದಿಯ ಮೇಲೆ ಕಪ್ಪು ಬಿಳಿ ಪಟ್ಟೆಗಳಿವೆ. ತಮ್ಮದೇ ಹಡಗುಗಳು ತಮ್ಮ ವಿಮಾನಗಳನ್ನು ಹೊಡೆದುರುಳಿಸಬಾರದೆಂದು ದಾಳಿಗೆ ಕೆಲವೇ ದಿನಗಳ ಮುಂಚೆ ಅವಸರದಲ್ಲಿ ಬಳಿದ ಗುರುತು ಅದು. ಡಕೋಟಾ ಎಂಬ ಹೆಸರಿನಲ್ಲಿ ಈ ವಿಮಾನ ಭಾರತಕ್ಕೂ ಹಳೆಯ ಪರಿಚಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ ವಾಯುಪಡೆಯ ಉಸ್ತುವಾರಿಯಲ್ಲಿ ಇಂಥ ವಿಮಾನಗಳ ದುರಸ್ತಿ ಮಾಡುತ್ತಿತ್ತು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಭಾರತೀಯ ಸೇನೆಯ ಮೊದಲ ತುಕಡಿಗಳನ್ನು ಇಳಿಸಿದ್ದೂ ಡಕೋಟಾಗಳೇ.

ಮರುವರ್ಷ, ಅಂದರೆ 1984ರ ನಲವತ್ತನೇ ವಾರ್ಷಿಕೋತ್ಸವಕ್ಕೆ ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಇಬ್ಬರೂ ನಾರ್ಮಂಡಿಗೆ ಬಂದರು. ಅಲ್ಲಿಯವರೆಗೆ ಹಳೆಯ ಸೈನಿಕರ ಮತ್ತು ಊರಿನವರ ಕೂಟವಾಗಿದ್ದ ಜೂನ್ 6 ರಾಷ್ಟ್ರನಾಯಕರ ಸಮಾರಂಭವಾಯಿತು. ಪ್ರವಾಸಿಗರ ಸಂಖ್ಯೆ ಏರಿತು, ಕರಾವಳಿಯುದ್ದಕ್ಕೂ ಹೊಸ ಮ್ಯೂಸಿಯಂಗಳು ಎದ್ದವು. 1988ರಲ್ಲಿ ಕಾನ್ ನಗರದಲ್ಲಿ ತೆರೆದ ದೊಡ್ಡ ಸ್ಮಾರಕ ಭವನ ಇಡೀ ಯುದ್ಧವನ್ನು, ಅದರ ರಾಜಕೀಯವನ್ನು ತನ್ನ ವಸ್ತುವಾಗಿ ಆರಿಸಿಕೊಂಡಿತು. ಸೇಂತ್-ಮೇರ್-ಎಗ್ಲೀಸ್ ತನ್ನ ವ್ಯಾಪ್ತಿಯನ್ನು ಹಿಗ್ಗಿಸಲು ಹೋಗಲಿಲ್ಲ. ಆಕಾಶದಿಂದ ಇಳಿದವರು ಮತ್ತು ಅವರು ಇಳಿದ ನೆಲ, ಈ ಎರಡಕ್ಕೇ ಅಂಟಿಕೊಂಡಿತು. ಅದು ಸರಿಯಾದ ನಿರ್ಧಾರ.

2014ರ ಎಪ್ಪತ್ತನೇ ವರ್ಷಕ್ಕೆ ‘ಆಪರೇಷನ್ ನೆಪ್ಚೂನ್’ ಎಂಬ ಮೂರನೇ ಕಟ್ಟಡ ತೆರೆಯಿತು. ಇಲ್ಲಿ ನೋಡುಗರು ಇಂಗ್ಲೆಂಡಿನ ರಾತ್ರಿಯ ವಿಮಾನ ನಿಲ್ದಾಣದಲ್ಲಿ ಸಿ-47 ಹತ್ತುತ್ತಾರೆ. ಎಂಜಿನ್ನಿನ ಮೊರೆತ, ನಡುಗುವ ನೆಲ, ಎದುರುಬದುರು ಕೂತ ಸೈನಿಕರ ಪ್ರತಿಮೆಗಳ ನಡುವೆ ಸಾಗಿ ಇನ್ನೊಂದು ಬಾಗಿಲಿನಿಂದ ಹೊರಬಂದಾಗ ಕಾಲ ಕೆಳಗೆ ಊರಿನ ಮಾಡುಗಳೂ ಚರ್ಚೂ ಕಾಣುತ್ತವೆ. ಆಮೇಲೆ ಜೌಗು, ಬೇಲಿಸಾಲು, ಕಾದಾಟ. ಟ್ಯಾಬ್ಲೆಟ್ ಹಿಡಿದು ವಸ್ತುವಿನ ಕಡೆ ತಿರುಗಿಸಿದರೆ ಅದರ ಅಂದಿನ ರೂಪ ತೆರೆಯ ಮೇಲೆ ಮೂಡುವ ವ್ಯವಸ್ಥೆಯೂ ಬಂದಿದೆ. ಯುದ್ಧವನ್ನು ಕಾಣದ ಮೂರನೇ ನಾಲ್ಕನೇ ತಲೆಮಾರಿನ ಮಕ್ಕಳನ್ನು ಹಿಡಿದು ನಿಲ್ಲಿಸಲು ಇಂಥ ಸಾಧನಗಳು ಬೇಕು. ಆದರೂ ಮೊದಲ ಕಟ್ಟಡದ ಹಳೆಯ ಗ್ಲೈಡರಿನ ಬಟ್ಟೆಯ ಗೋಡೆ ಹೇಳುವಷ್ಟನ್ನು ಈ ಬೆಳಕು ಸದ್ದುಗಳು ಹೇಳಲಾರವು.

ಚರ್ಚಿನ ಗೋಪುರದಲ್ಲಿ ಇಂದು ಜಾನ್ ಸ್ಟೀಲ್‌ನ ಬೊಂಬೆಯೊಂದು ಪ್ಯಾರಾಶೂಟಿನ ಸಮೇತ ನೇತಾಡುತ್ತಿದೆ. ಪ್ರವಾಸಿಗರು ಮೊದಲು ಚಿತ್ರ ತೆಗೆದುಕೊಳ್ಳುವುದು ಅದನ್ನೇ. ಆತ ನಿಜವಾಗಿ ಸಿಕ್ಕಿಕೊಂಡದ್ದು ಗೋಪುರದ ಇನ್ನೊಂದು ಬದಿಯಲ್ಲಿ. ಚೌಕಕ್ಕೆ ಎದುರಾಗಿ ಕಾಣಲೆಂದು ಬೊಂಬೆಯನ್ನು ಈಚೆ ಕಟ್ಟಿದ್ದಾರೆ. ಸಿನಿಮಾ ಕಟ್ಟಿಕೊಟ್ಟ ಚಿತ್ರ ಚರಿತ್ರೆಯ ಮೇಲೆ ಬಿದ್ದ ಸ್ಪಷ್ಟ ಗುರುತಿದು. ರಸ್ತೆ ದಾಟಿ ಮ್ಯೂಸಿಯಂನ ಒಳಗೆ ಬಂದವರಿಗೆ ಆ ಒಬ್ಬನ ಹಿಂದಿದ್ದ ಸಾವಿರಾರು ಜನರ ಪರಿಚಯವಾಗುತ್ತದೆ. 1969ರಲ್ಲಿ ತೀರಿಕೊಂಡ ಸ್ಟೀಲ್ ಸ್ವತಃ ಯುದ್ಧಾನಂತರ ಹಲವು ಸಲ ಈ ಊರಿಗೆ ಬಂದು ಹೋಗಿದ್ದ.

ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಮ್ಯೂಸಿಯಂಗೆ ಭೇಟಿ ಕೊಡುತ್ತಾರೆ. ಜೂನ್ ಮೊದಲ ವಾರದಲ್ಲಿ ಪಟ್ಟಣದ ಜನಸಂಖ್ಯೆಯ ಹಲವು ಪಟ್ಟು ಅತಿಥಿಗಳು ಸೇರುತ್ತಾರೆ. ಆ ದಿನಗಳಲ್ಲಿ ಲಾ ಫಿಯೆರ್‌ನ ಬಯಲಿನ ಮೇಲೆ ನೂರಾರು ಪ್ಯಾರಾಟ್ರೂಪರ್‌ಗಳು ಒಟ್ಟಾಗಿ ಹಾರುವುದು ವಾಡಿಕೆಯಾಗಿದೆ. ಅಲ್ಲಿ 1997ರಲ್ಲಿ ನಿಲ್ಲಿಸಿದ ‘ಐರನ್ ಮೈಕ್’ ಎಂಬ ಯೋಧನ ಕಂಚಿನ ಪ್ರತಿಮೆ ಸೇತುವೆಯ ದಿಕ್ಕಿಗೆ ಮುಖ ಮಾಡಿದೆ. ಮೊದಮೊದಲು ಹಾರುತ್ತಿದ್ದವರಲ್ಲಿ 1944ರಲ್ಲೇ ಹಾರಿದ್ದ ಹಳಬರೂ ಇರುತ್ತಿದ್ದರು. ಈಗ ಬದುಕಿ ಉಳಿದವರು ಬೆರಳೆಣಿಕೆಯಷ್ಟು, ಗಾಲಿಕುರ್ಚಿಯಲ್ಲಿ ಬಂದು ಕೂತು ನೋಡುತ್ತಾರೆ. ಮೇಲಿನಿಂದ ಇಳಿಯುವವರಲ್ಲಿ ಅಮೆರಿಕ, ಫ್ರಾನ್ಸ್, ಬ್ರಿಟನ್‌ಗಳವರ ಜೊತೆ ಜರ್ಮನ್ ಸೇನೆಯ ಪ್ಯಾರಾಟ್ರೂಪರ್‌ಗಳೂ ಇರುತ್ತಾರೆ. ಹಾರಾಟ ಮುಗಿದ ಮೇಲೆ ಎಲ್ಲರೂ ಪಟ್ಟಣದ ಚೌಕಕ್ಕೆ ಬರುತ್ತಾರೆ, ಮ್ಯೂಸಿಯಂ ಆ ವಾರ ಪೂರ್ತಿ ತುಂಬಿರುತ್ತದೆ.